ಅನ್ಯಭಾಷೆ, ಹೆಂಗಸರು ಮತ್ತು ಮೂರು ಮೌನಗಳು

2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆ್ಯಂಡ್ರೂ ನ್ಯೂಬರ್ಗ್ ಮತ್ತು ಸಂಗಡಿಗರು ಒಂದು ಚಿಕ್ಕ ಅಧ್ಯಯನ ಪ್ರಕಟಿಸಿದರು. ಭಾಗವಹಿಸಿದವರು ಐದೇ ಜನ. ಐವರೂ ಹೆಂಗಸರು, ಐವರೂ ವರ್ಷಗಟ್ಟಲೆಯಿಂದ ಪ್ರಾರ್ಥನೆಯಲ್ಲಿ ‘ಅನ್ಯಭಾಷೆ’ ಆಡುತ್ತ ಬಂದ ಕ್ರೈಸ್ತರು. ಅನ್ಯಭಾಷೆಯೆಂದರೆ ಕೇಳುವವರಿಗೆ ಅರ್ಥವಾಗದ, ಪವಿತ್ರಾತ್ಮನೇ, ಅಂದರೆ ದೇವರ ಆತ್ಮನೇ, ಆಡಿಸುತ್ತಾನೆಂದು ವಿಶ್ವಾಸಿಗಳು ನಂಬುವ ಮಾತು. ಅವರು ಮೊದಲು ಭಕ್ತಿಗೀತೆ ಹಾಡಿದರು, ಆಮೇಲೆ ಅನ್ಯಭಾಷೆಯಲ್ಲಿ ಪ್ರಾರ್ಥಿಸಿದರು. ಎರಡು ಸಲವೂ ನಡುವೆ ಅಲ್ಪ ವಿಕಿರಣವುಳ್ಳ ದ್ರವ್ಯವೊಂದನ್ನು ಅವರ ರಕ್ತನಾಳಕ್ಕೆ ಬಿಡಲಾಯಿತು. ಆ ಗಳಿಗೆಯಲ್ಲಿ ಮಿದುಳಿನ ಯಾವ ಭಾಗಕ್ಕೆ ರಕ್ತ ಹೆಚ್ಚು ಹರಿಯುತ್ತಿದೆಯೋ ಅಲ್ಲೇ ಈ ದ್ರವ್ಯ ಹೆಚ್ಚಾಗಿ ಸೇರಿ ನಿಂತುಬಿಡುತ್ತದೆ. ಹಾಗಾಗಿ ಪ್ರಾರ್ಥನೆ ಮುಗಿದ ಮೇಲೆ ಸ್ಪೆಕ್ಟ್ ಎಂಬ ಸ್ಕ್ಯಾನಿಂಗ್ ಯಂತ್ರದಡಿ ಮಲಗಿಸಿದರೂ ಚಿತ್ರದಲ್ಲಿ ಕಾಣುವುದು ಪ್ರಾರ್ಥನೆಯ ಹೊತ್ತಿನ ಮಿದುಳೇ.

ಹಾಡುವಾಗಿನದಕ್ಕಿಂತ ಅನ್ಯಭಾಷೆ ಆಡುವಾಗ ಹಣೆಯ ಹಿಂಬದಿಯ ಭಾಗದಲ್ಲಿ ರಕ್ತದ ಹರಿವು ತಗ್ಗಿತ್ತು. ಯೋಚಿಸಿ ಮಾತಾಡುವುದು, ಬೇಡದ್ದನ್ನು ತಡೆಹಿಡಿಯುವುದು ಇವಕ್ಕೆಲ್ಲ ಬೇಕಾದ ಭಾಗವದು. ‘ನಾವು ಆಡುವುದಲ್ಲ, ಅದಾಗಿಯೇ ಬರುತ್ತದೆ’ ಎಂದು ವಿಶ್ವಾಸಿಗಳು ಹೇಳುವ ಮಾತಿಗೂ ಈ ಚಿತ್ರಕ್ಕೂ ತಾಳೆಯಾಗುತ್ತದೆ. ಇದರಿಂದ ಪವಿತ್ರಾತ್ಮ ಇದ್ದಾನೆ ಎಂದೂ ಸಾಬೀತಾಗದು, ಇಲ್ಲ ಎಂದೂ ಆಗದು. ಗಂಡಸರ ಮಿದುಳಿನಲ್ಲಿ ಬೇರೇನೋ ನಡೆಯುತ್ತದೆ ಎಂದಂತೂ ಹೇಳಲಾಗದು, ಏಕೆಂದರೆ ಗಂಡಸರನ್ನು ನೋಡಿಯೇ ಇಲ್ಲ.

ಆದರೆ ಅನ್ಯಭಾಷೆಯನ್ನು ಒಪ್ಪದ ಕ್ರೈಸ್ತರಲ್ಲಿ ಬಹುಕಾಲದಿಂದ ಓಡಾಡುವ ವಾದವೊಂದು ಗಂಡು ಹೆಣ್ಣಿನ ಈ ವ್ಯತ್ಯಾಸದ ಮೇಲೇ ನಿಂತಿದೆ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸ್ತ್ರೀಯರು ಮೌನವಾಗಿರಬೇಕೆಂದು ಬೈಬಲಿನ ಹೊಸ ಒಡಂಬಡಿಕೆಯ ಪತ್ರಕಾರ ಪೌಲ ಬರೆದದ್ದು ಅನ್ಯಭಾಷೆಯ ಬಗ್ಗೆ ಹೇಳುವ ಅಧ್ಯಾಯದಲ್ಲೇ, ಅಂದರೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 14ರಲ್ಲಿ. ಆದ್ದರಿಂದ ಹೆಂಗಸರು ಅನ್ಯಭಾಷೆ ಆಡುವುದೇ ಆಜ್ಞೆಯ ಉಲ್ಲಂಘನೆ, ಹೆಂಗಸರನ್ನು ಬಿಟ್ಟರೆ ಅನ್ಯಭಾಷೆಗೆ ಒತ್ತು ಕೊಡುವ ಪೆಂಟೆಕೋಸ್ಟಲ್ ಚಳವಳಿಯಲ್ಲಿ ಉಳಿಯುವುದೇನು, ಎನ್ನುತ್ತದೆ ಆ ವಾದ. ಇದರ ಬೆನ್ನಿಗೆ ಹಳೆಯ ಮನೋವೈದ್ಯಶಾಸ್ತ್ರದ ‘ಹಿಸ್ಟೀರಿಯಾ’ವೂ ನಿಲ್ಲುತ್ತಿತ್ತು: ಭಾವುಕ ಹೆಂಗಸರ ಉದ್ವೇಗ, ಅಷ್ಟೇ.

ಆ ಅಧ್ಯಾಯವನ್ನು ಸಾವಧಾನವಾಗಿ ಓದಿದರೆ ಮೌನದ ಆಜ್ಞೆ ಒಂದಲ್ಲ, ಮೂರು ಸಿಗುತ್ತವೆ. ಅರ್ಥ ಹೇಳುವವರಿಲ್ಲದಿದ್ದರೆ ಅನ್ಯಭಾಷೆ ಆಡುವವನು ಸುಮ್ಮನಿರಲಿ (ವಚನ 28). ಒಬ್ಬನು ಪ್ರವಾದಿಸುತ್ತಿರುವಾಗ, ಅಂದರೆ ದೇವರ ಪ್ರೇರಣೆಯಿಂದ ನುಡಿಯುತ್ತಿರುವಾಗ, ಕುಳಿತಿರುವ ಇನ್ನೊಬ್ಬನಿಗೆ ದೇವರಿಂದ ಪ್ರಕಟಣೆಯಾದರೆ ಮೊದಲನೆಯವನು ಸುಮ್ಮನಾಗಲಿ (30). ಸ್ತ್ರೀಯರು ಸುಮ್ಮನಿರಲಿ (34). ಮೊದಲೆರಡನ್ನು ಯಾರೂ ಶಾಶ್ವತ ನಿಷೇಧವೆಂದು ಓದುವುದಿಲ್ಲ, ಮೂರನೆಯದಕ್ಕೆ ಮಾತ್ರ ಆ ಪಟ್ಟ. ಇದು ನನಗೆ ಅನುಮಾನ ಹುಟ್ಟಿಸುತ್ತದೆ. ಅದೇ ಪತ್ರದ 11:5ರಲ್ಲಿ ಸ್ತ್ರೀ ಪ್ರಾರ್ಥಿಸುವುದನ್ನೂ ಪ್ರವಾದಿಸುವುದನ್ನೂ ಪೌಲ ತಡೆಯುವುದಿಲ್ಲ, ತಲೆಗೆ ಮುಸುಕಿರಲಿ ಎನ್ನುತ್ತಾನೆ. ಜೊತೆಗೆ 34, 35ನೇ ವಚನಗಳು ಕೆಲವು ಹಸ್ತಪ್ರತಿಗಳಲ್ಲಿ ಅಧ್ಯಾಯದ ಕೊನೆಯಲ್ಲಿ, 40ರ ನಂತರ ಬರುತ್ತವೆ. ಹೀಗೆ ಜಾಗ ಬದಲಿಸುವ ಸಾಲುಗಳು ಮೊದಲು ಅಂಚಿನ ಟಿಪ್ಪಣಿಯಾಗಿದ್ದು ಆಮೇಲೆ ಒಳಗೆ ಸೇರಿರಬಹುದು ಎಂದು 1987ರಲ್ಲಿ ವಾದಿಸಿದ ಗಾರ್ಡನ್ ಫೀ ಸ್ವತಃ ಪೆಂಟೆಕೋಸ್ಟಲ್ ವಿದ್ವಾಂಸ. ಎಲ್ಲರೂ ಇದನ್ನು ಒಪ್ಪಿಲ್ಲ. ಆ ಎರಡು ವಚನ ಪೂರ್ತಿ ಇಲ್ಲದ ಹಸ್ತಪ್ರತಿ ಸಿಕ್ಕಿಲ್ಲ ಎಂಬುದು ಗಟ್ಟಿ ಆಕ್ಷೇಪವೇ.

ಹಿಸ್ಟೀರಿಯಾದ ಮಾತಿಗೆ ಬರೋಣ. ಭಾಷಾಶಾಸ್ತ್ರಜ್ಞ ವಿಲಿಯಂ ಸಮರಿನ್ 1972ರಲ್ಲಿ ತೋರಿಸಿದ್ದು ಇಷ್ಟು: ಅನ್ಯಭಾಷೆಯ ಧ್ವನಿಗಳು ಬಹುಪಾಲು ಆಡುವವರಿಗೆ ಮೊದಲೇ ಗೊತ್ತಿರುವ ಭಾಷೆಯವು. ಸರಳ ಅಕ್ಷರಗಳು ಮತ್ತೆ ಮತ್ತೆ ಮರಳುತ್ತವೆ, ಏರಿಳಿತ ಥೇಟ್ ಮಾತಿನಂತಿರುತ್ತದೆ, ವ್ಯಾಕರಣ ಮಾತ್ರ ಸಿಗುವುದಿಲ್ಲ. 1986ರಲ್ಲಿ ನಿಕೋಲಸ್ ಸ್ಪಾನೋಸ್ ತಂಡ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಒಂದು ನಿಮಿಷದ ಮಾದರಿ ಕೇಳಿಸಿ ‘ಈಗ ನೀವು ಆಡಿ’ ಎಂದಾಗ ಸುಮಾರು 20 ಶೇಕಡ ಜನ ಸರಾಗವಾಗಿ ಆಡಿದರು, ಸ್ವಲ್ಪ ತರಬೇತಿ ಕೊಟ್ಟ ಮೇಲೆ ಆ ಪಾಲು ಸುಮಾರು 70ಕ್ಕೇರಿತು. ಅಂದರೆ ಇದು ಕಲಿತು ಬರಬಲ್ಲ ಕೌಶಲ, ಇದಕ್ಕೆ ಉನ್ಮಾದವೇ ಆಗಬೇಕಿಲ್ಲ. 2003ರಲ್ಲಿ ಬ್ರಿಟನ್ನಿನ ಇವ್ಯಾಂಜೆಲಿಕಲ್ (ಸುವಾರ್ತಾವಾದಿ ಪ್ರೊಟೆಸ್ಟೆಂಟ್) ಪಾದ್ರಿಗಳ, ಅಂದರೆ ಬರೀ ಗಂಡಸರ, ವ್ಯಕ್ತಿತ್ವ ಅಳೆದಾಗ ಅನ್ಯಭಾಷೆ ಆಡುವವರೇ ಹೆಚ್ಚು ಸ್ಥಿರಚಿತ್ತರೂ ಬಹಿರ್ಮುಖಿಗಳೂ ಆಗಿದ್ದರು. ಹಿಸ್ಟೀರಿಯಾ ಎಂದವರು ಇದಕ್ಕೇನೆನ್ನುತ್ತಾರೋ!

ಇತಿಹಾಸವೂ ಹೆಂಗಸರನ್ನು ಬಿಟ್ಟು ಸಾಗುವುದಿಲ್ಲ. ಪೆಂಟೆಕೋಸ್ಟ್ ದಿನ, ಅಂದರೆ ಯೇಸುವಿನ ಶಿಷ್ಯರ ಮೇಲೆ ಪವಿತ್ರಾತ್ಮ ಇಳಿದನೆಂದು ಬೈಬಲ್ ಹೇಳುವ ದಿನ, ಶಿಷ್ಯ ಪೇತ್ರ ಉದ್ಧರಿಸಿದ ಹಳೆಯ ಪ್ರವಾದಿ ಯೋವೇಲನ ಮಾತಿನಲ್ಲೇ ‘ನಿಮ್ಮಲ್ಲಿರುವ ಗಂಡಸರೂ ಹೆಂಗಸರೂ ಪ್ರವಾದಿಸುವರು’ ಎಂದಿದೆ. ಆಧುನಿಕ ಚಳವಳಿಯ ಆರಂಭವೆಂದು ಬಹಳ ಮಂದಿ ಗುರುತಿಸುವುದು 1901ರ ಜನವರಿ 1ನ್ನು. ಕಾನ್ಸಾಸಿನ ಟೊಪೀಕದಲ್ಲಿ ಆ ದಿನ ಅನ್ಯಭಾಷೆ ಆಡಿದವಳು ಆ್ಯಗ್ನೆಸ್ ಓಜ್ಮನ್ ಎಂಬ ವಿದ್ಯಾರ್ಥಿನಿ. ಪುಣೆಯ ಹತ್ತಿರದ ಕೇಡಗಾಂವದಲ್ಲಿ ಪಂಡಿತಾ ರಮಾಬಾಯಿಯವರ ಮುಕ್ತಿ ಮಿಷನ್ನಿನಲ್ಲಿ 1905ರಿಂದ ಎದ್ದ ಧಾರ್ಮಿಕ ಉಜ್ಜೀವನವಂತೂ ಹೆಚ್ಚುಕಡಿಮೆ ಹೆಂಗಸರದ್ದೇ, ಹೆಣ್ಣುಮಕ್ಕಳದ್ದೇ.

ಹಾಗೆಂದು ಅನ್ಯಭಾಷೆಯನ್ನು ಒಪ್ಪಿದ ಸಭೆಗಳು ಹೆಂಗಸರನ್ನು ಸಮಾನರೆಂದು ಕಂಡವು ಎಂದೇನಲ್ಲ. ಅವುಗಳ ಲೆಕ್ಕದಲ್ಲಿ ಪವಿತ್ರಾತ್ಮ ಮಾತಾಡಿಸಿದರೆ ಅದು ಹೆಂಗಸಿನ ಮಾತಲ್ಲ, ಅವಳು ಬರೀ ಬಾಯಿ. ತಾನಾಗಿ ಬೋಧಿಸಿದರೆ ಮಾತ್ರ ಅದು ಅಧಿಕಾರ. ಇಲ್ಲಿಯೇ ಮುಂಭಾಗದ ಹಿಡಿತ ಸಡಿಲಾದ ಆ ಮಿದುಳಿನ ಚಿತ್ರ ಇಕ್ಕಟ್ಟಿಗೆ ಸಿಕ್ಕಿಸುತ್ತದೆ: ಹಿಡಿತವಿಲ್ಲದ ಮಾತಿಗೆ ಅನುಮತಿ ಸಲೀಸು, ಯೋಚಿಸಿ ಆಡುವ ಮಾತಿಗೆ ತಕರಾರು. ಅಸೆಂಬ್ಲೀಸ್ ಆಫ್ ಗಾಡ್ ಎಂಬ ಪೆಂಟೆಕೋಸ್ಟಲ್ ಪಂಗಡ 1914ರಲ್ಲಿ ಹುಟ್ಟಿದಾಗ ಹೆಂಗಸರು ಸುವಾರ್ತೆ ಸಾರಬಹುದಿತ್ತು, ಮಿಷನರಿಗಳಾಗಬಹುದಿತ್ತು. ಸಭಾಪಾಲಕಿಯಾಗಿ ಪೂರ್ಣ ದೀಕ್ಷೆ ಸಿಕ್ಕಿದ್ದು 1935ರಲ್ಲಿ.