ಇಪ್ಪತ್ತು ಮನೆಗೆ ಒಂದು ಫೈಬರ್: ಸಾಲುಮನೆಯ ಇಂಟರ್ನೆಟ್ ಲೆಕ್ಕ

ಗಾರೆ ಕೆಲಸದ ಅಪ್ಪ, ಮನೆಗೆಲಸಕ್ಕೆ ಹೋಗುವ ಅಮ್ಮ, ಪಿಯುಸಿ ಓದುವ ಮಗಳು. ಮನೆಯಲ್ಲಿ ಮೂರು ಫೋನು. ದಿನಕ್ಕೆ ಒಂದು, ಒಂದೂವರೆ ಜಿಬಿ ಕೊಡುವ 28 ದಿನದ ರೀಚಾರ್ಜ್‌ಗೆ ಈಗ ಸುಮಾರು 300 ರೂಪಾಯಿ. 28 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ 12 ಸಲವಲ್ಲ, 13 ಸಲ ಹಾಕಿಸಬೇಕು. ಮೂರು ಫೋನಿಗೆ ಸೇರಿ ವರ್ಷಕ್ಕೆ 11,700 ರೂಪಾಯಿ. ಇಷ್ಟು ಕೊಟ್ಟ ಮೇಲೂ ಮಗಳು ಎರಡು ಗಂಟೆ ವಿಡಿಯೊ ಪಾಠ ನೋಡುವಷ್ಟರಲ್ಲಿ ಆ ದಿನದ ಡೇಟಾ ಖಾಲಿ.

‘ಹಾಗಾದರೆ ಮನೆಗೇ ಫೈಬರ್ ಹಾಕಿಸಿಕೊಳ್ಳಲಿ, 399ಕ್ಕೆ ಸಿಗುತ್ತದಲ್ಲ’ ಎನ್ನುವವರು ಲೆಕ್ಕವನ್ನು ಕೊನೆಯವರೆಗೂ ಮಾಡಿರುವುದಿಲ್ಲ. 399ಕ್ಕೆ ಶೇ 18ರ ಜಿಎಸ್‌ಟಿ ಸೇರಿದರೆ 471. ವರ್ಷಕ್ಕೆ 5,650. ಫೈಬರ್ ಬಂತೆಂದು ಫೋನಿನ ರೀಚಾರ್ಜ್ ನಿಲ್ಲುವುದಿಲ್ಲ. ಕರೆ ಮಾಡಬೇಕು, ಓಟಿಪಿ ಬರಬೇಕು. 2024ರ ಡಿಸೆಂಬರ್‌ನಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಆದೇಶ ಹೊರಡಿಸಿದ ಮೇಲೆ ಡೇಟಾ ಇಲ್ಲದ, ಕರೆ ಮತ್ತು ಎಸ್‌ಎಂಎಸ್ ಮಾತ್ರದ ಪ್ಯಾಕ್‌ಗಳು ಬಂದಿವೆ. 84 ದಿನಕ್ಕೆ 450–470 ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಇಂಥ ಪ್ಯಾಕ್‌ಗೆ ಒಂದು ಫೋನಿಗೆ ವರ್ಷಕ್ಕೆ ಸುಮಾರು 2,000 ಆಗುತ್ತದೆ. ಅಮ್ಮ, ಮಗಳ ಫೋನನ್ನು ಇದಕ್ಕೆ ಬದಲಾಯಿಸಬಹುದು. ಅಪ್ಪನದನ್ನು ಆಗುವುದಿಲ್ಲ. ಮೇಸ್ತ್ರಿ ಸೈಟಿನ ಲೊಕೇಶನ್ ಕಳಿಸುವುದು ವಾಟ್ಸ್‌ಆ್ಯಪ್‌ನಲ್ಲಿ, ಕೂಲಿ ಬರುವುದು ಯುಪಿಐನಲ್ಲಿ. ಹಾಗಾಗಿ ಅಮ್ಮ, ಮಗಳ ಫೋನಿಗೆ 4,000, ಮೇಲೆ ಅಪ್ಪನದಕ್ಕೆ 3,900, ಮೇಲೆ ಫೈಬರ್‌ಗೆ 5,650: ಒಟ್ಟು 13,550. ಅಗ್ಗದ ಪ್ಲಾನ್ ಹಾಕಿಸಿಕೊಂಡ ಮನೆಗೆ ಖರ್ಚು 1,850 ರೂಪಾಯಿ ಹೆಚ್ಚಾಯಿತು.

ಇದರ ಜೊತೆಗೆ ಮೊದಲ ದಿನದ ಹೊರೆ ಇದೆ. ಇನ್‌ಸ್ಟಲೇಶನ್ ಎಂದು ಸಾವಿರ, ಆರು ತಿಂಗಳ ಮುಂಗಡ ಎಂದು 2,800. ಶನಿವಾರದ ಬಟವಾಡೆಯ ಮೇಲೆ ನಡೆಯುವ ಮನೆಯಲ್ಲಿ ಒಂದೇ ಕಂತಿಗೆ 3,800 ರೂಪಾಯಿ ಎತ್ತಿಡಲು ಸಾಧ್ಯವಿಲ್ಲ. ತಿಂಗಳ ದರವನ್ನು 50 ರೂಪಾಯಿ ಇಳಿಸಿದರೂ ಈ ಮನೆ ಹೊರಗೇ ಉಳಿಯುತ್ತದೆ. ಸಂಪರ್ಕವನ್ನು ಇಡೀ ಸಾಲಿಗೆ ಒಂದಾಗಿ ತಂದು, ದುಡ್ಡನ್ನು ದಿನದ ಅಥವಾ ವಾರದ ಲೆಕ್ಕದಲ್ಲಿ ತೆಗೆದುಕೊಂಡರೆ ಮಾತ್ರ ಒಳಗೆ ಬರುತ್ತದೆ. ಅದು ಹೇಗೆ ಎಂಬುದನ್ನು ಎದುರುಬದುರು ಹತ್ತು ಹತ್ತು ಮನೆಗಳಿರುವ, ನಡುವೆ ಎಂಟು ಅಡಿ ಓಣಿ ಇರುವ ಒಂದು ಸಾಲನ್ನು ಇಟ್ಟುಕೊಂಡು ನೋಡೋಣ. ಆಶ್ರಯ ಬಡಾವಣೆಗಳಲ್ಲೂ ಹಳೆಯ ವಠಾರಗಳಲ್ಲೂ ಇಂಥ ಸಾಲುಗಳೇ ಹೆಚ್ಚು.

ಮೊದಲು ಕಾನೂನಿನ ಮಾತು. ಒಬ್ಬರ ಹೆಸರಿನ ಮನೆ ಸಂಪರ್ಕವನ್ನು ಅಕ್ಕಪಕ್ಕದವರಿಗೆ ದುಡ್ಡಿಗೆ ಹಂಚುವಂತಿಲ್ಲ. ಆ ಸಾಲಿನ ಯಾರೋ ಒಬ್ಬರು ಯಾರಿಗೋ ವಂಚಿಸಿದರೆ ಪೊಲೀಸರು ಬರುವುದು ಬಿಲ್ ಯಾರ ಹೆಸರಿನಲ್ಲಿದೆಯೋ ಅವರ ಬಾಗಿಲಿಗೆ. ಸರಿಯಾದ ದಾರಿ ಕೇಂದ್ರದ ಸಾರ್ವಜನಿಕ ವೈಫೈ ಯೋಜನೆಯಾದ ಪಿಎಂ-ವಾಣಿ. ಕೇಂದ್ರ ಸಂಪುಟ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು 2020ರ ಡಿಸೆಂಬರ್ 9ರಂದು. ಸಾಲಿನಲ್ಲೇ ಇರುವ ಒಬ್ಬರು, ಅದು ಕಿರಾಣಿ ಅಂಗಡಿಯವರಿರಬಹುದು, ಮಹಿಳಾ ಸ್ವಸಹಾಯ ಸಂಘವಿರಬಹುದು, ‘ಪಬ್ಲಿಕ್ ಡೇಟಾ ಆಫೀಸ್’ ಆಗುತ್ತಾರೆ. ಚಿಕ್ಕದಾಗಿ ಪಿಡಿಒ, ಪಂಚಾಯಿತಿಯ ಪಿಡಿಒಗೂ ಇದಕ್ಕೂ ಸಂಬಂಧವಿಲ್ಲ. ಲೈಸೆನ್ಸ್ ಬೇಡ, ಲೈಸೆನ್ಸ್ ಶುಲ್ಕವೂ ಇಲ್ಲ. ಇವರು ಒಬ್ಬ ನೋಂದಾಯಿತ ಅಗ್ರಿಗೇಟರ್ ಜೊತೆ ಸೇರಿಕೊಳ್ಳಬೇಕು. ಪ್ರತಿ ಬಳಕೆದಾರರ ಗುರುತನ್ನು ಓಟಿಪಿ ಮೂಲಕ ಖಚಿತಪಡಿಸುವುದು, ದಾಖಲೆ ಇಡುವುದು, ಹಣದ ಲೆಕ್ಕ ಇಡುವುದು ಅಗ್ರಿಗೇಟರ್ ಕೆಲಸ.

ಈ ಯೋಜನೆ ವರ್ಷಗಟ್ಟಲೆ ಕುಂಟಿತು. 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ 2022ರೊಳಗೆ 1 ಕೋಟಿ ಸಾರ್ವಜನಿಕ ವೈಫೈ ತಾಣಗಳ ಗುರಿ ಇಟ್ಟಿತ್ತು. ಅದರ ಹತ್ತಿರಕ್ಕೂ ಹೋಗಲಾಗಲಿಲ್ಲ. ಚಿಕ್ಕ ಅಂಗಡಿಯವರಿಂದಲೂ ದೊಡ್ಡ ಕಂಪನಿಗಳಿಗೆ ಕೊಡುವ ಲೀಸ್ಡ್ ಲೈನಿನ ದರವನ್ನೇ ಕೇಳುತ್ತಿದ್ದುದು ಮುಖ್ಯ ಅಡ್ಡಿ. 2025ರ ಜೂನ್‌ನಲ್ಲಿ ಟ್ರಾಯ್ ಇದನ್ನು ತಿದ್ದಿತು: 200 ಎಂಬಿಪಿಎಸ್‌ವರೆಗಿನ ಮನೆ ಫೈಬರ್ ಪ್ಲಾನ್‌ಗಳನ್ನು ಪಿಡಿಒಗಳಿಗೂ ಕೊಡಬೇಕು, ಮನೆಯವರಿಗೆ ಹಾಕುವ ದರದ ಎರಡು ಪಟ್ಟಿಗಿಂತ ಹೆಚ್ಚು ಕೇಳುವಂತಿಲ್ಲ. ಲೈನ್ ಕೊಡುವವರು ‘ನಿಮಗೆ ಲೀಸ್ಡ್ ಲೈನೇ ಆಗಬೇಕು’ ಎಂದರೆ ಈ ಆದೇಶವನ್ನು ಮುಂದಿಡಿ.

ಈಗ ಕಂಬದಿಂದ ಬರುವ ಫೈಬರ್. ಆಪರೇಟರ್ ಕಡೆಯ ಒಎಲ್‌ಟಿಯಿಂದ (ಫೈಬರ್‌ಗೆ ಬೆಳಕು ಬಿಡುವ ಯಂತ್ರ) ಬೆಳಕು ಹೊರಡುವಾಗ +4 ಡಿಬಿಎಂ ಇದೆ ಎಂದಿಟ್ಟುಕೊಳ್ಳಿ. ಡಿಬಿಎಂ ಎಂದರೆ ಸಿಗ್ನಲ್ ಬಲದ ಅಳತೆ, ಸೊನ್ನೆಗಿಂತ ಕೆಳಕ್ಕೆ ಹೋದಷ್ಟೂ ಸಿಗ್ನಲ್ ಕ್ಷೀಣ; ದಾರಿಯಲ್ಲಿ ಆಗುವ ನಷ್ಟದ ಲೆಕ್ಕ ಡಿಬಿಯಲ್ಲಿ. ನಾಲ್ಕು ಕಿಲೋಮೀಟರ್ ಫೈಬರ್‌ನಲ್ಲಿ 1.4 ಡಿಬಿ ಹೋಗುತ್ತದೆ. ಒಂದಕ್ಕೆ ಎಂಟಾಗಿ ಒಡೆಯುವ ಸ್ಪ್ಲಿಟರ್ ಒಂದೊಂದೂ 10.5 ಡಿಬಿ ತಿನ್ನುತ್ತದೆ. ದಾರಿಯಲ್ಲಿ ಅಂಥವು ಎರಡು, ಅಲ್ಲಿಗೆ 21. ನಾಲ್ಕು ಕನೆಕ್ಟರ್‌ಗೆ 1.2, ಆರು ಜಾಯಿಂಟ್‌ಗೆ 0.6. ಒಟ್ಟು 24.2 ಕಳೆದು ನಿಮ್ಮ ಕಡೆ ಆ ಬೆಳಕನ್ನು ಹಿಡಿದು ಇಂಟರ್ನೆಟ್ ಕೊಡುವ ಒಎನ್‌ಟಿ ಡಬ್ಬಿಗೆ ಮುಟ್ಟುವುದು −20.2. ಡಬ್ಬಿ −27ರವರೆಗೆ ಓದಬಲ್ಲದು, ಆದರೆ −24ಕ್ಕಿಂತ ಕೆಳಗಿದ್ದರೆ ಲೈನ್ ಒಪ್ಪಿಕೊಳ್ಳಬೇಡಿ. ಹಾಕಿದ ದಿನವೇ −26 ಇದ್ದ ಲೈನು, ಮೊದಲ ಮಳೆಗೆ ಬಾಕ್ಸ್‌ನೊಳಗೆ ತೇವ ಸೇರಿದ ಕೂಡಲೇ ಸಾಯುತ್ತದೆ.

ಪವರ್ ಕಡಿಮೆ ಬಂದಾಗ ಮೊದಲು ನೋಡಬೇಕಾದದ್ದು ಕನೆಕ್ಟರ್ ಬಣ್ಣ. ಹಸಿರು ಕನೆಕ್ಟರ್‌ನ ಗಾಜಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದು ನೇರ. ಎರಡೂ ಒಂದರೊಳಗೊಂದು ಸಲೀಸಾಗಿ ಕೂರುತ್ತವೆ, ‘ಟಕ್’ ಎಂದು ಸದ್ದೂ ಬರುತ್ತದೆ. ಆದರೆ ತುದಿಗಳ ನಡುವೆ ಗಾಳಿ ಉಳಿದು ಮೂರು ನಾಲ್ಕು ಡಿಬಿ ಸೋರಿಹೋಗುತ್ತದೆ. ಇನ್ನೊಂದು ತಪ್ಪು, ಕೈಯಲ್ಲಿ ಕಟ್ಟುವ ಫಾಸ್ಟ್ ಕನೆಕ್ಟರ್‌ಗೆ ಫೈಬರನ್ನು ನೇರವಾಗಿ ಕತ್ತರಿಸುವ ಕ್ಲೀವರ್ ಉಪಕರಣ ಇಲ್ಲದೆ ಬ್ಲೇಡಿನಲ್ಲಿ ಕತ್ತರಿಸುವುದು. ಆ ಕೊಯ್ತ ಸೊಟ್ಟಗಿರುತ್ತದೆ. ಅಂದು ನಡೆದರೂ ಬಿಸಿಲು, ಚಳಿಗೆ ಸರಿದು ವಾರಕ್ಕೊಮ್ಮೆ ಸಿಗ್ನಲ್ ಹೋಯಿತೆಂದು ಹೇಳುವ ಕೆಂಪು ಲಾಸ್ ಲೈಟು ಹತ್ತುತ್ತದೆ. ಸಾಲಿಗೆಲ್ಲ ಒಂದೇ ಲೈನು ಆಧಾರವಾದ್ದರಿಂದ ಇಲ್ಲಿ ಫಾಸ್ಟ್ ಕನೆಕ್ಟರ್ ಬೇಡವೇ ಬೇಡ, ಫೈಬರ್ ತುದಿಗಳನ್ನು ಕರಗಿಸಿ ಬೆಸೆಯುವ ಸ್ಪ್ಲೈಸಿಂಗ್ ಮಷೀನ್‌ನಲ್ಲಿ ಜಾಯಿಂಟ್ ಹೊಡೆಸಿ. ಕಂಬದಿಂದ ಸಾಲಿಗೆ ಬರುವ ಡ್ರಾಪ್ ವೈರ್ ಉಕ್ಕಿನ ತಂತಿಯದ್ದಾಗದೆ ಎಫ್‌ಆರ್‌ಪಿಯದ್ದಾಗಿರಲಿ, ಅಂದರೆ ಕರೆಂಟ್ ಹಾಯಿಸದ ನಾರು-ಪ್ಲಾಸ್ಟಿಕ್ ಕಡ್ಡಿಯದ್ದು. ಕರೆಂಟ್ ಕಂಬದ ಪಕ್ಕ ಉಕ್ಕಿನ ತಂತಿ ಜೀವಕ್ಕೇ ಅಪಾಯ. ರಸ್ತೆ ದಾಟುವಲ್ಲಿ 18 ಅಡಿಗಿಂತ ಕೆಳಗೆ ಜೋತರೆ ಹುಲ್ಲಿನ ಲಾರಿ ಎಳೆದುಕೊಂಡು ಹೋಗುತ್ತದೆ.

ಸಾಲಿನ ನಡುಭಾಗದ ಗೋಡೆಗೆ ಬೀಗವಿರುವ ಒಂದು ಬಾಕ್ಸ್ ಕೂರಿಸಿ. ಅದರಲ್ಲಿ ಒಎನ್‌ಟಿ, ರೂಟರ್, ಎಂಟು ಪೋರ್ಟಿನ ಪಿಒಇ ಸ್ವಿಚ್ (ನೆಟ್ ಜೊತೆ ಕರೆಂಟನ್ನೂ ಅದೇ ಕೇಬಲ್‌ನಲ್ಲಿ ಕಳಿಸುವಂಥದ್ದು), ಬ್ಯಾಟರಿ. ಅಲ್ಲಿಂದ ಸೂರಿನ ಅಡಿಯಲ್ಲೇ ಕ್ಯಾಟ್-6 ನೆಟ್ ಕೇಬಲ್ ಎಳೆದು, ನಾಲ್ಕು ಮನೆಗೆ ಒಂದರಂತೆ ಐದು ವೈಫೈ ಆಕ್ಸೆಸ್ ಪಾಯಿಂಟ್. ಒಂದು ಮನೆಯ ಮುಂಭಾಗ 12 ಅಡಿ ಎಂದರೆ ತುದಿಯ ಪಾಯಿಂಟಿಗೂ 60 ಅಡಿಗಿಂತ ಹೆಚ್ಚಿಲ್ಲ. ಒಟ್ಟು 70 ಮೀಟರ್ ಕೇಬಲ್ ಸಾಕು. ‘ಸಿಸಿಎ’ ಎಂದು ಬರೆದ ಅಗ್ಗದ ಕೇಬಲ್ ತರಬೇಡಿ. ಅದು ಅಲ್ಯುಮಿನಿಯಂ ಮೇಲೆ ತಾಮ್ರದ ಲೇಪ; ಕರೆಂಟ್ ಹರಿದಾಗ ಬಿಸಿಯಾಗುತ್ತದೆ, ತುದಿ ಮುಟ್ಟುವಷ್ಟರಲ್ಲಿ ವೋಲ್ಟೇಜ್ ಬೀಳುತ್ತದೆ. ಕೇಬಲನ್ನು ಚಾವಣಿಯ ಮೇಲೆ ಎಂದೂ ಹಾಯಿಸಬಾರದು. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ಮಳೆಯಲ್ಲಿ, ಸಿಡಿಲು ಎಲ್ಲೋ ಬಿದ್ದರೂ ಉದ್ದನೆಯ ತಾಮ್ರದ ತಂತಿಗೆ ಅದರ ಪೆಟ್ಟು ತಗಲಿ ಸ್ವಿಚ್‌ನ ಪೋರ್ಟ್‌ಗಳು ಸುಡುತ್ತವೆ.

ಪ್ರತಿ ಮನೆಗೂ ಪ್ರತ್ಯೇಕ ಡಬ್ಬಿ ಏಕೆ ಬೇಡ? ಬೆಲೆಯ ಜೊತೆಗೆ ಕರೆಂಟಿನ ಕಾರಣವೂ ಇದೆ. 8 ವ್ಯಾಟಿನ ಡಬ್ಬಿ ಹಗಲು ರಾತ್ರಿ ಉರಿದರೆ ತಿಂಗಳಿಗೆ ಸುಮಾರು 6 ಯೂನಿಟ್. ಗೃಹಜ್ಯೋತಿಯಲ್ಲಿ ಉಚಿತ ಯೂನಿಟ್ ಎಷ್ಟೆಂಬುದು ಆ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. 200 ಯೂನಿಟ್ ಎಲ್ಲರಿಗೂ ಸಿಗುವುದಿಲ್ಲ. ಎರಡು ಬಲ್ಬು, ಒಂದು ಫ್ಯಾನಿನ ಮನೆಗೆ ಆ 6 ಯೂನಿಟ್ಟೇ ಮಿತಿ ದಾಟಿಸಿ, ಸೊನ್ನೆ ಬರುತ್ತಿದ್ದ ಬಿಲ್‌ನಲ್ಲಿ ಅಂಕಿ ಕಾಣಿಸಬಹುದು. ಆಗ ಮನೆಯವರು ಮಲಗುವ ಮುನ್ನ ಡಬ್ಬಿಯ ಸ್ವಿಚ್ ಆರಿಸುತ್ತಾರೆ, ಕೆಲವು ದಿನಗಳಲ್ಲಿ ಹಾಕುವುದನ್ನೇ ಬಿಡುತ್ತಾರೆ. ಪಿಒಇ ಆದರೆ ವೈಫೈ ಪಾಯಿಂಟ್‌ಗಳಿಗೆ ಕರೆಂಟು ನೆಟ್ ಕೇಬಲ್‌ನಲ್ಲೇ ಹೋಗುತ್ತದೆ. ಇಡೀ ಸಾಲಿಗೆ ಸುಮಾರು 60 ವ್ಯಾಟ್, ತಿಂಗಳಿಗೆ 43 ಯೂನಿಟ್, ಒಂದೇ ಮೀಟರ್. 12 ವೋಲ್ಟಿನ 40 ಎಎಚ್ ಬ್ಯಾಟರಿ ಇದ್ದರೆ ಕರೆಂಟ್ ಹೋದರೂ ನಾಲ್ಕು ಗಂಟೆ ನಡೆಯುತ್ತದೆ.

ವೈಫೈ ಪಾಯಿಂಟನ್ನು ಎಲ್ಲಿ ಬಿಗಿಯಬೇಕೆಂದು ಕಾಗದದಲ್ಲಿ ತೀರ್ಮಾನಿಸಬೇಡಿ. ತಗಡಿನ ಗೋಡೆ, ತಗಡಿನ ಬಾಗಿಲು ಸಿಗ್ನಲನ್ನು ಹಾಗೇ ಹಿಂದಕ್ಕೆ ತಳ್ಳುತ್ತವೆ. ಸಿಮೆಂಟ್ ಇಟ್ಟಿಗೆ ಒಂದಿಷ್ಟು ಬಿಡುತ್ತದೆ. ಪಾಯಿಂಟನ್ನು ತಾತ್ಕಾಲಿಕವಾಗಿ ಕಟ್ಟಿ, ನಾಲ್ಕೂ ಮನೆಗೆ ಹೋಗಿ, ಬಾಗಿಲು ಮುಚ್ಚಿಸಿ, ಮಕ್ಕಳು ಓದಲು ಕೂರುವ ಮೂಲೆಯಲ್ಲಿ ನೆಲದ ಮೇಲೆ ಫೋನಿಟ್ಟು ವೈಫೈ ಅನಲೈಸರ್ ಆ್ಯಪ್‌ನಲ್ಲಿ ನೋಡಿ. −67 ಡಿಬಿಎಂಗಿಂತ ಚೆನ್ನಾಗಿದ್ದರೆ ಸರಿ. ಇಲ್ಲದಿದ್ದರೆ ಪಾಯಿಂಟನ್ನು ಎದುರು ಸಾಲಿನ ಸೂರಿಗೆ ದಾಟಿಸಿ. ಕಿಟಕಿಗೆ ಎದುರಾದರೆ ಸಿಗ್ನಲ್ ಒಳಗೆ ಬರುತ್ತದೆ. 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 1, 6, 11 ಬಿಟ್ಟು ಬೇರೆ ಬೇಡ, ಅಗಲ 20 ಮೆಗಾಹರ್ಟ್ಸ್, ಪವರ್ ಅರ್ಧಕ್ಕೆ ಇಳಿಸಿ. ಐದೂ ಪೂರ್ತಿ ಪವರ್‌ನಲ್ಲಿ ಕೂಗಿದರೆ ಒಂದರ ಮಾತು ಇನ್ನೊಂದಕ್ಕೆ ಅಡ್ಡ. ಸಿಗ್ನಲ್ ಕಡ್ಡಿಗಳೆಲ್ಲ ತುಂಬಿರುತ್ತವೆ, ಪುಟ ಮಾತ್ರ ತೆರೆಯುವುದಿಲ್ಲ.

ನೂರು ಎಂಬಿಪಿಎಸ್ ಇಪ್ಪತ್ತು ಮನೆಗೆ ಸಾಲುತ್ತದೆಯೇ? ರಾತ್ರಿ ಎಂಟರಿಂದ ಹತ್ತು ಗಂಡಾಂತರದ ಹೊತ್ತು. ಆಗ ಪ್ರತಿ ಮನೆಯಲ್ಲೂ ಇಬ್ಬರು 480ಪಿ ವಿಡಿಯೊ ನೋಡುತ್ತಿದ್ದಾರೆ, ಒಂದಕ್ಕೆ ಒಂದೂವರೆ ಎಂಬಿಪಿಎಸ್ ಎಂದರೂ ಒಟ್ಟು 60. ಸಾಲುತ್ತದೆ. ಕೆಡುವುದು ಒಬ್ಬರು ದೊಡ್ಡ ಫೈಲ್ ಇಳಿಸಲು ಶುರುಮಾಡಿದಾಗ. ಅದಕ್ಕೆ ದಿನಕ್ಕಿಷ್ಟೇ ಜಿಬಿ ಎಂಬ ಕಡಿವಾಣ ಹಾಕಬೇಡಿ. ಅದು ಓದುವ ಮಗುವಿಗೇ ಮೊದಲು ತಾಗುತ್ತದೆ. ಪ್ರತಿ ಫೋನಿಗೆ 10 ಎಂಬಿಪಿಎಸ್ ವೇಗದ ಮಿತಿ ಇಡಿ, ರೂಟರ್‌ನಲ್ಲಿ ಎಲ್ಲರ ಡೇಟಾವನ್ನು ಸರದಿಯಲ್ಲಿ ಬಿಡುವ ಎಸ್‌ಕ್ಯೂಎಂ ಸೆಟ್ಟಿಂಗ್ ಆನ್ ಮಾಡಿ ಒಟ್ಟು ವೇಗವನ್ನು 95ಕ್ಕೆ ಕಟ್ಟಿ. ಆಗ ಸರದಿ ನಿಮ್ಮ ರೂಟರ್‌ನ ಕೈಯಲ್ಲಿರುತ್ತದೆ. ಡೌನ್‌ಲೋಡ್ ನಡೆಯುತ್ತಿದ್ದರೂ ವಿಡಿಯೊ ಕರೆ ತಡವರಿಸುವುದಿಲ್ಲ.

ದುಡ್ಡು. ಮನೆಯವರಿಗೆ 699 ಇರುವ ಪ್ಲಾನ್ ಪಿಡಿಒಗೆ ಹೆಚ್ಚೆಂದರೆ 1,398, ಜಿಎಸ್‌ಟಿ ಸೇರಿ 1,650. ಕರೆಂಟ್ ಯೂನಿಟ್‌ಗೆ ಎಂಟರಂತೆ 345. ರಿಪೇರಿ ನಿಧಿಗೆ 300. ನೋಡಿಕೊಳ್ಳುವವರಿಗೆ 500, ಇದನ್ನು ಉಳಿಸಲು ಹೋದವರ ವ್ಯವಸ್ಥೆ ಬಾಳುವುದಿಲ್ಲ. ತಿಂಗಳಿಗೆ ಒಟ್ಟು 2,795, ಮನೆಗೆ 140. ಅಗ್ರಿಗೇಟರ್ ತನ್ನ ಪಾಲು ಎಷ್ಟು ಎಂಬುದನ್ನು ಒಪ್ಪಂದಕ್ಕೆ ಮೊದಲೇ ಬರೆಸಿಕೊಂಡು ಇದಕ್ಕೆ ಸೇರಿಸಿ. ದಿನಕ್ಕೆ 5, ವಾರಕ್ಕೆ 35 ರೂಪಾಯಿಯ ವೋಚರ್ ಮಾಡಿ. ಒಂದು ವೋಚರ್‌ಗೆ ಮನೆಯ ಮೂರು ಫೋನೂ ಸೇರುವಂತೆ ಅಗ್ರಿಗೇಟರ್ ವ್ಯವಸ್ಥೆ ಇರಬೇಕು, ಫೋನಿಗೊಂದು ವೋಚರ್ ಆದರೆ ಈ ಲೆಕ್ಕವೇ ಮುರಿಯುತ್ತದೆ. ಮೊದಲು ಹೇಳಿದ ಮನೆಗೆ ಆಗ ವರ್ಷಕ್ಕೆ 4,000, 3,900, ವೋಚರ್‌ಗೆ 1,800 ಸೇರಿ ಸುಮಾರು 9,700. ಎರಡು ಸಾವಿರ ಉಳಿಯಿತು, ಮನೆಯೊಳಗೆ ಡೇಟಾ ಮುಗಿಯುವ ಭಯವೂ ಹೋಯಿತು.

ಉಳಿಯುವ ಪ್ರಶ್ನೆ ಸಾಮಾನಿನದು. ಬಾಕ್ಸ್, ಬ್ಯಾಟರಿ, ಐದು ಪಾಯಿಂಟ್, ಕೇಬಲ್ ಎಲ್ಲ ಸೇರಿ ಸುಮಾರು 35–40 ಸಾವಿರ. ಇದನ್ನು ಆ ಮನೆಗಳಿಂದ ಕೇಳಬಾರದು. ಶಾಸಕರ ನಿಧಿ, ಕಂಪನಿಗಳ ಸಿಎಸ್‌ಆರ್, ಪಂಚಾಯಿತಿ, ಯಾರಾದರೂ ಸಹಾಯ ಮಾಡುತ್ತೇವೆಂದರೆ ತಿಂಗಳ ಬಿಲ್ ಕಟ್ಟಿಸಿಕೊಳ್ಳಬೇಡಿ, ಈ ಸಾಮಾನು ಕೊಡಿಸಿ ಎನ್ನಿ. ತಿಂಗಳ ಸಹಾಯ ನಿಂತ ದಿನ ಇಂಟರ್ನೆಟ್ಟೂ ನಿಲ್ಲುತ್ತದೆ. ಗೋಡೆಗೆ ಬಿಗಿದ ಬಾಕ್ಸ್ ನಾಲ್ಕೈದು ವರ್ಷ ಕೆಲಸ ಮಾಡುತ್ತದೆ.

ಶುರುವಾದ ಮೊದಲ ವಾರ ಬರುವ ದೂರು ಹೆಚ್ಚುಕಡಿಮೆ ಒಂದೇ: ‘ನಿನ್ನೆ ದುಡ್ಡು ಕಟ್ಟಿದೀವಿ, ಇವತ್ತು ಮತ್ತೆ ಕೇಳ್ತಾ ಇದೆ ಅಣ್ಣ.’ ಫೋನು ತನ್ನ ಮ್ಯಾಕ್ ವಿಳಾಸವನ್ನು, ಅಂದರೆ ವೈಫೈ ಅದನ್ನು ಗುರುತಿಸುವ ಸಂಖ್ಯೆಯನ್ನು, ಬದಲಿಸಿಕೊಂಡು ಹೊಸಬನಂತೆ ಬಂದಿರುತ್ತದೆ. ಆ ವೈಫೈನ ಸೆಟ್ಟಿಂಗ್‌ನಲ್ಲಿ ಪ್ರೈವೆಸಿ ಎಂಬಲ್ಲಿ ‘ರ‍್ಯಾಂಡಮೈಸ್ಡ್ ಮ್ಯಾಕ್’ ತೆಗೆದು ‘ಡಿವೈಸ್ ಮ್ಯಾಕ್’ ಇಟ್ಟರೆ ಸರಿಹೋಗುತ್ತದೆ. ಮೊದಲ ದಿನವೇ ಪ್ರತಿ ಮನೆಯ ಫೋನಿನಲ್ಲೂ ಇದನ್ನು ಮಾಡಿಕೊಡಿ.

ಬಾಕ್ಸ್‌ಗೆ ಬೀಗ ಹಾಕುವ ಮುನ್ನ ಬಾಗಿಲ ಒಳಬದಿಗೆ ಒಂದು ರಟ್ಟು ಅಂಟಿಸಿ. ಯಾವ ಪೋರ್ಟ್ ಯಾವ ನಾಲ್ಕು ಮನೆಗೆ, ಒಎನ್‌ಟಿಗೆ ಬಂದ ಪವರ್ ಎಷ್ಟು, ಯಾವ ತಾರೀಖು ಎಂದು ಅಳಿಸದ ಮಸಿಯಲ್ಲಿ ಬರೆಯಿರಿ. ಮಳೆಗಾಲ ಕಳೆದ ಮೇಲೆ ಮತ್ತೆ ಅಳೆದು ಕೆಳಗೆ ಸೇರಿಸಿ. −20.2 ಇದ್ದದ್ದು −23 ಆಗಿದ್ದರೆ ಎಲ್ಲೋ ಜಾಯಿಂಟ್ ಕೆಡುತ್ತಿದೆ. ಲೈನ್ ಸಾಯುವ ಮೊದಲೇ ಆಪರೇಟರ್‌ಗೆ ಫೋನ್ ಮಾಡಿ, ಎರಡೂ ಅಂಕಿಗಳನ್ನು ಓದಿ ಹೇಳಿ.