ಯೂನಿಕ್ಸ್ ಮುದ್ರಣದಲ್ಲಿ ಬೇಡದ ಹಾಳೆಗಳು: ಕಾರಣ ಹುಡುಕುವ ಬಗೆ

ಲಿನಕ್ಸ್ ಅಥವಾ ಅದೇ ಬಳಗದ ಬೇರೊಂದು ಗಣಕದಿಂದ ಮುದ್ರಿಸುವಾಗ ನಾವು ಕೇಳದ ಹಾಳೆ ಹೊರಬಂದರೆ ಮೊದಲು ಪ್ರಿಂಟರನ್ನೇ ಶಂಕಿಸುವುದು ವಾಡಿಕೆ. ಆದರೆ ಪ್ರಿಂಟರು ತಾನಾಗಿ ಹಾಳೆ ಬಿಡುವುದು ಅಪರೂಪ. ಕಡತವೋ, ಅದನ್ನು ಸಿದ್ಧಪಡಿಸಿದ ತಂತ್ರಾಂಶವೋ, ಮುದ್ರಣದ ಸರತಿಯನ್ನು ನಡೆಸುವ ವ್ಯವಸ್ಥೆಯೋ ಆ ಹಾಳೆಯನ್ನು ಕೇಳಿರುತ್ತದೆ. ಕೇಳಿದ್ದು ಯಾವುದು ಎಂದು ಪತ್ತೆ ಮಾಡಿದರೆ ಪರಿಹಾರ ಸಾಮಾನ್ಯವಾಗಿ ಒಂದೇ ಸಾಲಿನದು. ಬೆಳಗಾವಿಯ ಕಾಲೇಜುಗಳಲ್ಲಿ ಲ್ಯಾಬ್ ರೆಕಾರ್ಡ್ ಒಪ್ಪಿಸುವ ವಾರದಲ್ಲಿ ಇಡೀ ತರಗತಿಯ ಕಡತಗಳು ಒಂದೇ ಪ್ರಿಂಟರಿಗೆ ಹೋಗುವುದರಿಂದ, ಈ ಪತ್ತೆಯ ಕ್ರಮ ಎಲ್ಲರಿಗೂ ತಿಳಿದಿರುವುದು ಒಳ್ಳೆಯದು. ಆಜ್ಞೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ; ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು.

ಬೇಡದ ಹಾಳೆ ಎಲ್ಲಿ ಬಂದಿದೆ ಎಂಬುದೇ ಮೊದಲ ಸುಳಿವು. ಕೆಲಸದ ಆರಂಭದಲ್ಲಿ ಬಳಕೆದಾರನ ಹೆಸರು ಮತ್ತು ಕೆಲಸದ ಸಂಖ್ಯೆ ಹೊತ್ತ ಹಾಳೆ ಬಂದರೆ ಅದು ಬ್ಯಾನರ್ ಪುಟ. ಹಲವರು ಒಂದೇ ಪ್ರಿಂಟರ್ ಬಳಸುವಲ್ಲಿ ಯಾರ ಕಟ್ಟು ಯಾರದೆಂದು ಗುರುತಿಸಲೆಂದೇ ಇದನ್ನು ಮಾಡಿದ್ದಾರೆ. ಇಂದು ಬಹುತೇಕ ಲಿನಕ್ಸ್ ಗಣಕಗಳಲ್ಲಿರುವ ಕಪ್ಸ್ ಮುದ್ರಣ ವ್ಯವಸ್ಥೆಯಲ್ಲಿ ‘ಜಾಬ್-ಶೀಟ್ಸ್’ ಎಂಬ ಆಯ್ಕೆಗೆ ‘ನನ್’ (ಯಾವುದೂ ಬೇಡ) ಎಂದು ಕೊಟ್ಟರೆ ಅದು ನಿಲ್ಲುತ್ತದೆ. ಯೂನಿಕ್ಸಿನ ಒಂದು ಕವಲಾದ ಬಿಎಸ್‌ಡಿಯ ಹಳೆಯ ಮುದ್ರಣ ಪದ್ಧತಿಯಲ್ಲಿ ‘ಪ್ರಿಂಟ್‌ಕ್ಯಾಪ್’ ಕಡತದ ಆ ಪ್ರಿಂಟರಿನ ವಿವರದಲ್ಲಿ ‘ಎಸ್‌ಎಚ್’ ಎಂದು ಸೇರಿಸಬೇಕು. ಖಾಲಿ ಹಾಳೆ ಮಧ್ಯದಲ್ಲೋ ಕೊನೆಯಲ್ಲೋ ಬಂದರೆ, ಮತ್ತು ಕಡತ ಪಿಡಿಎಫ್ ಆಗಿದ್ದರೆ, ‘ಪಿಡಿಎಫ್‌ಇನ್ಫೋ’ ಆಜ್ಞೆಯಿಂದ ಪುಟಗಳನ್ನು ಎಣಿಸಬೇಕು. ಪಿಡಿಎಫ್‌ನಲ್ಲೇ ಖಾಲಿ ಪುಟವಿದ್ದರೆ ಮುದ್ರಣ ವ್ಯವಸ್ಥೆಯನ್ನು ಕೆದಕಿ ಫಲವಿಲ್ಲ. ಪ್ರತಿ ಅಧ್ಯಾಯವೂ ಬಲಪುಟದಲ್ಲೇ ಆರಂಭವಾಗಬೇಕೆಂಬ ನಿಯಮದಿಂದ ಪುಟ ಜೋಡಿಸುವ ತಂತ್ರಾಂಶವಾದ ಲೇಟೆಕ್‌ನ ಪುಸ್ತಕ ಮಾದರಿಯು ಖಾಲಿ ಪುಟ ಸೇರಿಸುತ್ತದೆ. ಲಿಬ್ರೆಆಫೀಸ್ ರೈಟರ್ ಕೂಡ ತಾನಾಗಿ ಸೇರಿಸಿದ ಖಾಲಿ ಪುಟಗಳನ್ನು ಮುದ್ರಿಸಬೇಕೇ ಎಂಬುದಕ್ಕೆ ಪ್ರತ್ಯೇಕ ಆಯ್ಕೆಯೊಂದನ್ನು ಇಟ್ಟಿದೆ.

ಸರಳ ಪಠ್ಯ ಕಡತದ ವಿಚಾರವೇ ಹೆಚ್ಚು ಸ್ವಾರಸ್ಯದ್ದು. ಅಕ್ಷರಗಳಿಗೂ ಅಪ್ಪಣೆಗಳಿಗೂ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 12ನೆಯ ಸಂಕೇತದ ಹೆಸರು ಫಾರ್ಮ್ ಫೀಡ್. ಅದಕ್ಕೆ ಆಕಾರವಿಲ್ಲ, ‘ಈ ಹಾಳೆ ಸಾಕು, ಮುಂದಿನದಕ್ಕೆ ಹೋಗು’ ಎಂಬ ಅಪ್ಪಣೆ ಮಾತ್ರ ಇದೆ. ಕಡತದ ಕೊನೆಯಲ್ಲಿ ಈ ಸಂಕೇತವಿದ್ದು, ಕೆಲಸ ಮುಗಿದಾಗ ಮುದ್ರಣ ವ್ಯವಸ್ಥೆಯೂ ತನ್ನದೊಂದು ಫಾರ್ಮ್ ಫೀಡನ್ನು ಕಳುಹಿಸಿದರೆ, ಮೊದಲನೆಯದಕ್ಕೆ ಬರೆದ ಹಾಳೆಯೂ ಎರಡನೆಯದಕ್ಕೆ ಖಾಲಿ ಹಾಳೆಯೂ ಹೊರಬೀಳುತ್ತವೆ. ಇದನ್ನು ಖಚಿತಪಡಿಸಿಕೊಳ್ಳಲು ಕಡತದ ಕೊನೆಯ ಕೆಲವು ಬೈಟ್‌ಗಳನ್ನು ‘ಟೇಲ್’ ಆಜ್ಞೆಯಿಂದ ತೆಗೆದು, ಬೈಟ್‌ಗಳನ್ನು ಒಂದೊಂದಾಗಿ ತೋರಿಸುವ ‘ಓಡಿ’ ಆಜ್ಞೆಗೆ ಸಿ ಆಯ್ಕೆಯೊಂದಿಗೆ ಉಣಿಸಬೇಕು. ಫಾರ್ಮ್ ಫೀಡ್ ಇದ್ದಲ್ಲಿ ಓರೆಗೆರೆಯ ಮುಂದೆ ಎಫ್ ಅಕ್ಷರ ಕಾಣುತ್ತದೆ. ಇಡೀ ಕಡತದಿಂದ ಫಾರ್ಮ್ ಫೀಡ್‌ಗಳನ್ನು ‘ಟಿಆರ್’ ಆಜ್ಞೆಯಿಂದ ಅಳಿಸಿಬಿಡಿ ಎಂಬ ಸಲಹೆ ಸುಲಭವಾಗಿ ಸಿಗುತ್ತದೆ, ಆದರೆ ಅದರಿಂದ ನಡುವಿನ ಸರಿಯಾದ ಪುಟ ವಿಭಜನೆಗಳೂ ಅಳಿದುಹೋಗುತ್ತವೆ. ಕೊನೆಯದೊಂದನ್ನು ಮಾತ್ರ ತೆಗೆಯುವುದು, ಅಥವಾ ಬಿಎಸ್‌ಡಿ ಪದ್ಧತಿಯಲ್ಲಿ ‘ಎಸ್‌ಎಫ್’ ಎಂದು ನಮೂದಿಸಿ ವ್ಯವಸ್ಥೆ ಸೇರಿಸುವ ಫಾರ್ಮ್ ಫೀಡನ್ನು ತಡೆಯುವುದು ಮೇಲು.

ಇದೇ 12ನೆಯ ಸಂಕೇತ ಕನ್ನಡ ಕಡತಗಳಿಗೆ ಒಡ್ಡುವ ತೊಡಕು ಇಂಗ್ಲಿಷ್ ಕೈಪಿಡಿಗಳಲ್ಲಿ ಸಿಗುವಂಥದ್ದಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಸ್ಥಾನಗಳು 3200ರಿಂದ 3327ರವರೆಗೆ ಇವೆ, ಮತ್ತು ಇವುಗಳಲ್ಲಿ ಯಾವುದನ್ನು 256ರಿಂದ ಭಾಗಿಸಿದರೂ ಭಾಗಲಬ್ಧ 12 ಬರುತ್ತದೆ. ಯುಟಿಎಫ್-16 ರೂಪದಲ್ಲಿ ಪ್ರತಿ ಸಂಕೇತವನ್ನು ಎರಡು ಬೈಟ್‌ಗಳಾಗಿ ಬರೆಯುವುದರಿಂದ, ಕನ್ನಡದ ಪ್ರತಿಯೊಂದು ಅಕ್ಷರಕ್ಕೂ ಪ್ರತಿಯೊಂದು ಗುಣಿತ ಚಿಹ್ನೆಗೂ ಒಂದು ಬೈಟ್ 12 ಆಗಿಯೇ ಇರುತ್ತದೆ. ಅಂಥ ಕಡತವನ್ನು ಕಚ್ಚಾ ರೂಪದಲ್ಲೇ, ಅಂದರೆ ಏನೂ ಪರಿವರ್ತಿಸದೆ, ಪ್ರಿಂಟರಿಗೆ ದಾಟಿಸಿದರೆ ಅದು ಪ್ರತಿ ಚಿಹ್ನೆಗೂ ಒಂದು ಫಾರ್ಮ್ ಫೀಡ್ ಓದುತ್ತದೆ. ‘ಬೆಳಗಾವಿ’ ಎಂಬ ಪದವನ್ನೇ ನೋಡೋಣ: ಬ, ಎತ್ವ, ಳ, ಗ, ದೀರ್ಘ, ವ, ಗುಡಿಸು ಎಂದು ಅದರಲ್ಲಿ ಏಳು ಸಂಕೇತಗಳಿವೆ, ಆದ್ದರಿಂದ ಒಂದು ಪದಕ್ಕೆ ಏಳು ಹಾಳೆ. ಬೈಟ್‌ಗಳನ್ನು ಎಂಟರ ಮಾನದ ಅಂಕಿಗಳಲ್ಲಿ ತೋರಿಸುವ ‘ಓಡಿ’ಯಲ್ಲಿ ಈ ಕಡತ 377, 376 ಎಂಬ ಗುರುತಿನೊಂದಿಗೆ ಆರಂಭವಾಗಿ, 254ರ ಮುಂದೊಂದು ಫಾರ್ಮ್ ಫೀಡ್, 306ರ ಮುಂದೊಂದು, 263ರ ಮುಂದೊಂದು ಎಂದು ಸಾಗುತ್ತದೆ. ಬೆಳಗಾವಿಯಲ್ಲಿ ಮರಾಠಿ ಕಡತಗಳೂ ಸಾಕಷ್ಟು ಓಡಾಡುತ್ತವೆ. ಆದರೆ ಮರಾಠಿಯ ಲಿಪಿಯಾದ ದೇವನಾಗರಿಯಲ್ಲಿ 12ರ ಜಾಗದಲ್ಲಿರುವ ಬೈಟ್ 9, ಅಂದರೆ ಟ್ಯಾಬ್, ಆದುದರಿಂದ ಅದೇ ತಪ್ಪು ಮರಾಠಿಯಲ್ಲಿ ಅಕ್ಷರಗಳನ್ನು ಚದುರಿಸೀತೇ ಹೊರತು ಟ್ರೇ ಬರಿದು ಮಾಡಲಾರದು.

ವಿಂಡೋಸ್‌ನ ಹಳೆಯ ನೋಟ್‌ಪ್ಯಾಡ್‌ನಲ್ಲಿ ‘ಯೂನಿಕೋಡ್’ ಎಂದು ಆರಿಸಿ ಉಳಿಸಿದ ಕಡತಗಳು ಈ ರೂಪದವು. ‘ಫೈಲ್’ ಆಜ್ಞೆ ಕೊಟ್ಟರೆ ರೂಪ ತಿಳಿಯುತ್ತದೆ, ‘ಐಕಾನ್ವ್’ ಆಜ್ಞೆಯಿಂದ ಯುಟಿಎಫ್-8ಕ್ಕೆ ಬದಲಿಸಬಹುದು. ಯುಟಿಎಫ್-8ರಲ್ಲಿ ಕನ್ನಡದ ಸಂಕೇತವೊಂದು ಮೂರು ಬೈಟ್ ಆಗುತ್ತದೆ, ಮೂರೂ 128ಕ್ಕಿಂತ ಕಡಿಮೆ ಇರುವುದಿಲ್ಲ, ಹಾಗಾಗಿ ಅವುಗಳ ನಡುವೆ 12 ನುಸುಳಲಾರದು. ಇಷ್ಟಾದರೂ ಪ್ರಿಂಟರಿನೊಳಗೆ ಕನ್ನಡದ ಫಾಂಟ್ ಇರುವುದಿಲ್ಲವಾದ್ದರಿಂದ ಕಚ್ಚಾ ಮುದ್ರಣದಲ್ಲಿ ಬರುವುದು ಗೊಜಲು ಚಿಹ್ನೆಗಳೇ. ಕನ್ನಡ ಪಠ್ಯವನ್ನು ಪಿಡಿಎಫ್ ಮಾಡಿಕೊಂಡೇ ಮುದ್ರಿಸಬೇಕು ಎಂಬುದು ನನ್ನ ಅಭಿಪ್ರಾಯ.

ಒಂದು ಹಾಳೆ ತುಂಬಿ, ಮುಂದಿನದರಲ್ಲಿ ಐದಾರು ಸಾಲು ಮಾತ್ರ ಬಂದು, ಮತ್ತೆ ತುಂಬಿದ ಹಾಳೆ ಬರುತ್ತಿದ್ದರೆ ದೋಷ ಸಾಲುಗಳ ಲೆಕ್ಕದಲ್ಲಿದೆ. ಪಠ್ಯವನ್ನು ಪುಟಗಳಾಗಿ ವಿಂಗಡಿಸುವ ‘ಪಿಆರ್’ ಆಜ್ಞೆ ಪುಟಕ್ಕೆ 66 ಸಾಲು ಎಂದು ಭಾವಿಸುತ್ತದೆ: 11 ಇಂಚಿನ ಹಾಳೆ, ಇಂಚಿಗೆ 6 ಸಾಲು. ಲೇಸರ್ ಪ್ರಿಂಟರುಗಳು ಮೇಲೂ ಕೆಳಗೂ ಅರ್ಧರ್ಧ ಇಂಚು ಬಿಟ್ಟರೆ ಲೆಟರ್ ಹಾಳೆಯಲ್ಲಿ 60, ಎ4 ಹಾಳೆಯಲ್ಲಿ 64 ಸಾಲು ಮಾತ್ರ ಹಿಡಿಸುತ್ತವೆ. ಪುಟಗಳನ್ನು ಫಾರ್ಮ್ ಫೀಡಿನಿಂದ ಬೇರ್ಪಡಿಸುವ ದೊಡ್ಡಕ್ಷರದ ಎಫ್ ಆಯ್ಕೆ ಕೊಟ್ಟಿದ್ದರೆ, ಉಳಿದ ಸಾಲುಗಳು ಮುಂದಿನ ಹಾಳೆಗೆ ಜಾರಿ ಅಲ್ಲೇ ಫಾರ್ಮ್ ಫೀಡ್ ಬೀಳುತ್ತದೆ, ಹೀಗೆ ಕಾಗದ ಇಮ್ಮಡಿ ಖರ್ಚಾಗುತ್ತದೆ. ಎಲ್ ಆಯ್ಕೆಯೊಂದಿಗೆ 60 ಎಂದು ಪುಟದ ಉದ್ದ ಕೊಟ್ಟರೆ ಎರಡೂ ಅಳತೆಯ ಹಾಳೆಗೆ ಸರಿಹೋಗುತ್ತದೆ. ಟ್ರೇಯಲ್ಲಿ ಎ4 ಇದ್ದು ಸರತಿಯಲ್ಲಿ ಲೆಟರ್ ಎಂದಿದ್ದರೂ ಇಂಥ ಜಾರುವಿಕೆ ಕಾಣಬಹುದು; ‘ಮೀಡಿಯಾ’ ಆಯ್ಕೆಯನ್ನು ಎ4 ಮಾಡಬೇಕು.

ಹಾಳೆಗಳು ಸುರಿಯುತ್ತಿರುವಾಗ ಮೊದಲು ಮಾಡಬೇಕಾದದ್ದು ಟ್ರೇ ಎಳೆಯುವುದು. ಅನಂತರ ‘ಕ್ಯಾನ್ಸಲ್’ ಆಜ್ಞೆಯಿಂದ ತಮ್ಮ ಕೆಲಸವನ್ನಷ್ಟೇ ರದ್ದುಪಡಿಸಬೇಕು; ಅದಕ್ಕೆ ಎ ಆಯ್ಕೆ ಸೇರಿಸಿದರೆ ಅಧಿಕಾರವಿರುವ ಖಾತೆಯಲ್ಲಿ ಸರತಿಯ ಉಳಿದವರ ಕೆಲಸಗಳೂ ಹೋಗುತ್ತವೆ. ಪ್ರಿಂಟರಿನ ಸ್ಮೃತಿಯಲ್ಲಿ ಆಗಲೇ ಸೇರಿದ ಭಾಗವನ್ನು ಅದರ ಮೇಲಿನ ಗುಂಡಿಯಿಂದಲೇ ತೆರವುಗೊಳಿಸಬೇಕಾಗುತ್ತದೆ.

ಕೊನೆಯದಾಗಿ ಪರಿಹಾರವನ್ನು ಎಲ್ಲಿ ಬರೆಯಬೇಕು ಎಂಬ ಪ್ರಶ್ನೆ. ಸಾಮಾನ್ಯ ಬಳಕೆದಾರ ಮುದ್ರಣದ ಆಯ್ಕೆಗಳನ್ನು ಬದಲಿಸುವ ‘ಎಲ್‌ಪಿಆಪ್ಷನ್ಸ್’ ಆಜ್ಞೆ ಕೊಟ್ಟರೆ ಬದಲಾವಣೆ ಅವನ ಮನೆ ಕೋಶದೊಳಗಿನ ಕಪ್ಸ್ ಕಡತದಲ್ಲಿ ದಾಖಲಾಗುತ್ತದೆ, ಅವನಿಗಷ್ಟೇ ಅನ್ವಯಿಸುತ್ತದೆ. ರೂಟ್ ಖಾತೆಯಿಂದ, ಅಂದರೆ ಗಣಕದ ನಿರ್ವಾಹಕನ ಖಾತೆಯಿಂದ, ಕೊಟ್ಟರೆ ಆ ಗಣಕದ ಎಲ್ಲರಿಗೂ. ಲ್ಯಾಬಿನ ಪ್ರಿಂಟರ್ ಒಂದೇ ಸರ್ವರಿನ ಮೂಲಕ ಹಲವು ಗಣಕಗಳಿಗೆ ಹಂಚಿಕೆಯಾಗಿದ್ದರೆ, ಸರ್ವರಿನಲ್ಲೇ ‘ಎಲ್‌ಪಿಅಡ್ಮಿನ್’ ಮೂಲಕ ‘ಜಾಬ್-ಶೀಟ್ಸ್-ಡಿಫಾಲ್ಟ್’ ಬದಲಿಸಬೇಕು. ಇಲ್ಲವಾದರೆ ಬ್ಯಾನರ್ ಪುಟ ಒಬ್ಬರಿಗೆ ನಿಂತು ಪಕ್ಕದ ಬೆಂಚಿನವರಿಗೆ ಬರುತ್ತಲೇ ಇರುತ್ತದೆ.