‘ಘೋಸ್ಟ್ ಟೌನ್’ ಹಾಡನ್ನು ಕೇಳುವ ಬಗೆ

ಎಂಬತ್ತರ ದಶಕದ ಬ್ರಿಟಿಷ್ ಪಾಪ್‌ನಲ್ಲಿ ರಾಜಕೀಯ ಅಂದ ಕೂಡಲೇ ನಾವು ಹಾಡಿನ ಸಾಲುಗಳನ್ನೇ ಕೆದಕುತ್ತೇವೆ. ಆಗಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಹೆಸರು ಇದೆಯಾ, ಘೋಷಣೆ ಇದೆಯಾ ಅಂತ. ದಿ ಸ್ಪೆಷಲ್ಸ್ ತಂಡದ ‘ಘೋಸ್ಟ್ ಟೌನ್’ (1981) ಹಾಡಿನಲ್ಲಿ ಹಾಗೆ ಹುಡುಕಿದರೆ ಸಿಗುವುದು ಕಡಿಮೆ. ಊರು ಹಾಳೂರಾಗಿದೆ, ಕ್ಲಬ್ಬುಗಳು ಮುಚ್ಚಿವೆ, ಕೆಲಸ ಇಲ್ಲ, ಜನ ರೇಗಿದ್ದಾರೆ. ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಮೊದಲು ಹಾಡನ್ನು ಕೇಳಿ, ಸಾಲುಗಳನ್ನು ಆಮೇಲೆ ನೋಡಿದರಾಯಿತು.

ಈ ತಂಡದ್ದು ಸ್ಕಾ, ಅಂದರೆ ಜಮೈಕಾದಿಂದ ಬಂದ ಕುಣಿಯುವ ಸಂಗೀತ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಚಪ್ಪಾಳೆ ತಟ್ಟಿ. ಎರಡು ಚಪ್ಪಾಳೆಗಳ ನಡುವೆ ಗಿಟಾರ್ ‘ಚಿಕ್’ ಅನ್ನುತ್ತದೆ ನೋಡಿ, ಅದೇ ಇದರ ಜೀವ. ಕಪ್ಪು, ಬಿಳಿ ಹುಡುಗರು ಸೇರಿದ್ದ ಈ ಏಳು ಜನರ ತಂಡ 1979ರಲ್ಲಿ ಇದನ್ನು ಭರ್ಜರಿ ವೇಗದಲ್ಲಿ ನುಡಿಸುತ್ತಿತ್ತು. ‘ಘೋಸ್ಟ್ ಟೌನ್’ನಲ್ಲಿ ಅದೇ ನಡೆ ನಿಧಾನವಾಗಿ ರೆಗ್ಗೆ (ಸ್ಕಾದಿಂದಲೇ ಬೆಳೆದ, ಇನ್ನೂ ನಿಧಾನದ ಸಂಗೀತ) ಆಗಿದೆ. ಶುರುವಿನಲ್ಲಿ ಸೈರನ್ನಿನಂಥ ಸದ್ದು, ಹಿಂದೆ ಹಳೇ ದೆವ್ವದ ಸಿನಿಮಾದ ಆರ್ಗನ್. ಆಮೇಲೆ ಎಲ್ಲರೂ ಸೇರಿ ಊಳಿಡುತ್ತಾರೆ, ಪದವೇ ಇಲ್ಲ. ನಡುವೆ ‘ಹಳೇ ಒಳ್ಳೇ ದಿನಗಳು’ ನೆನಪಾದಾಗ ಮಾತ್ರ ರಾಗ ಚಣಹೊತ್ತು ಬೆಳಗಿ, ಮತ್ತೆ ಕತ್ತಲಿಗೆ ಬೀಳುತ್ತದೆ. ನನಗಂತೂ ಇಡೀ ಹಾಡಿನಲ್ಲಿ ಅತಿ ಸಿಟ್ಟಿನ ಜಾಗ ಆ ಖುಷಿಯ ತುಣುಕೇ.

ಇದು ಎಲ್ಲಿಂದ ಬಂತು? ತಂಡದ ಊರು ಕೊವೆಂಟ್ರಿ, ಕಾರು ಕಾರ್ಖಾನೆಗಳನ್ನು ನಂಬಿದ್ದ ಊರು. ಕಾರ್ಖಾನೆಗಳು ಸೊರಗಿದ್ದವು. ಹಾಡು ಬರೆದ, ತಂಡದವರೇ ಆದ ಜೆರ್ರಿ ಡ್ಯಾಮರ್ಸ್ ಪ್ರವಾಸದಲ್ಲಿದ್ದಾಗ, ಗ್ಲಾಸ್ಗೋದ ಬೀದಿಯಲ್ಲಿ ಅಜ್ಜಿಯರು ಮನೆಯ ಕಪ್ಪು-ಸಾಸರುಗಳನ್ನು ಮಾರಲು ಕೂತಿದ್ದನ್ನು ಕಂಡಿದ್ದರು. ಹಾಡು ಬಂದದ್ದು ಜೂನ್‌ನಲ್ಲಿ. ಜುಲೈನಲ್ಲಿ ಲಿವರ್‌ಪೂಲಿನ ಟಾಕ್ಸ್‌ಟೆತ್, ಮ್ಯಾಂಚೆಸ್ಟರಿನ ಮಾಸ್ ಸೈಡ್ ಗಲಭೆಯಲ್ಲಿ ಹೊತ್ತಿ ಉರಿದವು. ಅದೇ ತಿಂಗಳು ಹಾಡು ಮೂರು ವಾರ ನಂಬರ್ ಒನ್ ಆಗಿತ್ತು. ಭವಿಷ್ಯ ನುಡಿದ ಹಾಡು ಅಂತ ಹೊಗಳುವವರಿದ್ದಾರೆ. ಸುಮ್ನೆ ಮಾತು. ಏಪ್ರಿಲ್‌ನಲ್ಲೇ ಲಂಡನ್ನಿನ ಬ್ರಿಕ್ಸ್‌ಟನ್‌ನಲ್ಲಿ ಗಲಭೆ ಆಗಿತ್ತಲ್ವಾ? ಕಣ್ಣೆದುರು ಇದ್ದದ್ದನ್ನೇ ಅವರು ಹಾಡಿದ್ದು.

ಹೋಲಿಕೆಗೆ ಬರ್ಮಿಂಗ್‌ಹ್ಯಾಮಿನ ಯುಬಿ40 ತಂಡ ನೋಡಿ. ಆ ಹೆಸರೇ ನಿರುದ್ಯೋಗ ಭತ್ಯೆಯ ಕಾರ್ಡಿನದು. ಮೊದಲ ಆಲ್ಬಂ (1980) ಹೊದಿಕೆಯ ಮೇಲೆ ಆ ಕಾರ್ಡನ್ನೇ ಅಚ್ಚು ಹಾಕಿದ್ದರು. ಭತ್ಯೆಗೆ ಸಾಲು ನಿಂತವನಿಗೆ ವಿವರಣೆ ಬೇಕಿರಲಿಲ್ಲ. ದಿ ಬೀಟ್ ತಂಡ ಮಾತ್ರ ನೇರ: ‘ಇಳಿಯಮ್ಮಾ ಮಾರ್ಗರೆಟ್’ ಅಂತ ಹೆಸರು ಹಿಡಿದೇ ಹಾಡಿತು.

‘ಘೋಸ್ಟ್ ಟೌನ್’ನಲ್ಲಿ ಕುಣಿಯುವ ಜಾಗದಲ್ಲಿ ಹೊಡೆದಾಟ ಜಾಸ್ತಿ ಅನ್ನುವ ಸಾಲೊಂದಿದೆ. ತಂಡದೊಳಗೂ ಆಗ ಜಗಳವೇ. ಈ ಹಾಡಿಗಾಗಿ ಟಿವಿ ಸ್ಟುಡಿಯೋಗೆ ಹೋದಾಗ, ಮೇಕಪ್ ಕೋಣೆಯಲ್ಲೇ ಮೂವರು ‘ನಾವು ಹೊರಟೆವು’ ಅಂದುಬಿಟ್ಟರು.